ಗುಡ್ಡ ತಗ್ಗಿಸಬೇಡಿ, ವೇಗ ತಗ್ಗಿಸಿ

ಘಟ್ಟದ ಊರುಗಳಿಗೆ ಸೈಕಲ್ ಎರಡು ಸಲ ಬಂದಿದೆ. ಮೊದಲ ಸಲ ಅದು ಹಾಲಿನ ಕ್ಯಾನು, ಮೀನಿನ ಬುಟ್ಟಿ, ಅಂಚೆಯ ಚೀಲಗಳನ್ನು ಹೊತ್ತು ಬಂದಿತು. ಏರು ಸಿಕ್ಕಲ್ಲಿ ಸವಾರ ಇಳಿದು ತಳ್ಳುತ್ತಿದ್ದ, ಇಳಿಜಾರು ಸಿಕ್ಕಲ್ಲಿ ಹತ್ತಿ ಕೂರುತ್ತಿದ್ದ. ಅದನ್ನು ಯಾರೂ ಸಾಹಸವೆಂದು ಕರೆಯಲಿಲ್ಲ. ಎರಡನೆಯ ಸಲ ಅದು ನಗರದ ಸವಾರನೊಡನೆ, ತಲೆಗೆ ಬಣ್ಣದ ಹೆಲ್ಮೆಟ್ಟು ಹಾಕಿಕೊಂಡು, ಹತ್ತಾರು ಗೇರುಗಳೊಡನೆ ಬಂದಿದೆ. ಈ ಎರಡನೆಯ ಬರವಿನ ಹಿಂದೆಯೇ ಒಂದು ಹೊಸ ಮಾತೂ ಹತ್ತಿ ಬಂದಿದೆ: ಬೆಟ್ಟದ ಸೀಮೆಯಲ್ಲಿ ಮಕ್ಕಳಿಂದ ಮುದುಕರವರೆಗೆ, ನುರಿತವರಿಂದ ಹೊಸಬರವರೆಗೆ, ಎಲ್ಲ ಸಾಮರ್ಥ್ಯದವರಿಗೂ ಸೈಕಲ್ ಪ್ರವಾಸದ ಹಾದಿಗಳು ಬೇಕು.

ಮಾತು ಒಳ್ಳೆಯದೇ. ಹೊಗೆಯಿಲ್ಲದ, ಸದ್ದಿಲ್ಲದ, ಊರಿನ ಅಂಗಡಿಯ ಮುಂದೆ ನಿಂತು ಚಹಾ ಕುಡಿಯುವ ಪ್ರವಾಸಿಯನ್ನು ಮಲೆನಾಡು ಬೇಡವೆನ್ನಲಾರದು. ಆದರೆ ಒಳ್ಳೆಯ ಮಾತಿನ ನೆರಳಿನಲ್ಲಿ ಕೆಟ್ಟ ಕಾಮಗಾರಿ ನುಸುಳುವುದು ಘಟ್ಟಕ್ಕೆ ಹೊಸತಲ್ಲ. ‘ಎಲ್ಲರಿಗೂ’ ಎಂಬ ಶಬ್ದವನ್ನು ಗುತ್ತಿಗೆಯ ಭಾಷೆಗೆ ಅನುವಾದಿಸಿದಾಗ ಅದು ‘ಅಗಲ ಮಾಡಿ, ಏರು ಕಡಿಯಿರಿ, ಕಾಂಕ್ರೀಟು ಹಾಕಿ, ವಾಹನ ನಿಲುಗಡೆಗೆ ಜಾಗ ಸಮತಟ್ಟು ಮಾಡಿ’ ಎಂದಾಗಿಬಿಡುತ್ತದೆ. ಈ ಅನುವಾದವೇ ತಪ್ಪು. ಬೆಟ್ಟದ ಹಾದಿಯನ್ನು ಎಲ್ಲರಿಗೂ ತೆರೆಯಬೇಕಾದರೆ ಗುಡ್ಡವನ್ನು ಕಡಿಯುವ ಅಗತ್ಯವಿಲ್ಲ. ಇರುವ ರಸ್ತೆಯ ಮೇಲೆ ಓಡುವ ಮೋಟಾರಿನ ವೇಗವನ್ನು ತಗ್ಗಿಸಿದರೆ ಸಾಕು.

ಏರಿನ ಲೆಕ್ಕ

ಬೆಟ್ಟದಲ್ಲಿ ಸೈಕಲ್ ತುಳಿಯುವುದು ಗಟ್ಟಿಗರಿಗೆ ಮಾತ್ರ ಸಾಧ್ಯ ಎಂಬ ನಂಬಿಕೆಯನ್ನು ಮೊದಲು ಪರೀಕ್ಷಿಸಬೇಕು. ವಿದ್ಯಾರ್ಥಿಗಳು ಪಾಟಿಯ ಮೇಲೆಯೇ ಈ ಲೆಕ್ಕ ಮಾಡಬಹುದು. ಸವಾರನೂ ಸೈಕಲ್ಲೂ ಸೇರಿ 80 ಕೆ.ಜಿ. ತೂಕವಿದೆ ಎಂದುಕೊಳ್ಳೋಣ. ರಸ್ತೆಯು 100 ಮೀಟರಿಗೆ 5 ಮೀಟರ್ ಏರುತ್ತಿದೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋದರೆ ಆ ತೂಕವನ್ನು ಮೇಲೆತ್ತುವುದಕ್ಕೆ ಸುಮಾರು 87 ವಾಟ್ ಶಕ್ತಿ ಬೇಕು. ಟೈರಿನ ಘರ್ಷಣೆ, ಗಾಳಿಯ ತಡೆ ಸೇರಿದರೆ ಹೆಚ್ಚುಕಡಿಮೆ 100 ವಾಟ್. ತೋಟದಲ್ಲಿ ದಿನವಿಡೀ ದುಡಿಯುವ ಆರೋಗ್ಯವಂತ ಹೆಂಗಸಿಗಾಗಲಿ ಗಂಡಸಿಗಾಗಲಿ ಇದು ಅಸಾಧ್ಯದ ಶ್ರಮವಲ್ಲ. ಹೀಗೆ ತುಳಿದರೆ 12 ಕಿ.ಮೀ. ದೂರದಲ್ಲಿ 600 ಮೀಟರ್ ಎತ್ತರವನ್ನು ಒಂದೂವರೆ ಗಂಟೆಯಲ್ಲಿ ಏರಬಹುದು.

ಅದೇ ರಸ್ತೆ 100 ಮೀಟರಿಗೆ 10 ಮೀಟರ್ ಏರತೊಡಗಿದರೆ ಅಷ್ಟೇ ಶ್ರಮಕ್ಕೆ ವೇಗವು ಗಂಟೆಗೆ 4 ಕಿ.ಮೀ.ಗೆ ಇಳಿಯುತ್ತದೆ. ಅದು ನಡಿಗೆಯ ವೇಗ. ಅಲ್ಲಿ ಇಳಿದು ತಳ್ಳುವುದೇ ಜಾಣತನ. ಹಿಂದಿನ ಹಾಲಿನವರು, ಮೀನಿನವರು ಮಾಡುತ್ತಿದ್ದುದೂ ಅದನ್ನೇ.

ತೊಡಕು ಹೆಚ್ಚಾಗಿ ಕಾಲಿನಲ್ಲಿಲ್ಲ, ಹಲ್ಲುಚಕ್ರದಲ್ಲಿದೆ. ಹಳ್ಳಿಯ ಸಾಮಾನ್ಯ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲುಗಳಿದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗಬೇಕು. ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 25 ಸುತ್ತು ಮಾತ್ರ. ಪ್ರತಿ ತುಳಿತಕ್ಕೂ ಮಂಡಿ ಮುರಿದಂತಾಗುತ್ತದೆ. ಮುಂದೆ 28, ಹಿಂದೆ 34 ಹಲ್ಲಿನ ಗೇರ್ ಇದ್ದರೆ ಅದೇ ವೇಗಕ್ಕೆ ಮುಕ್ಕಾಲು ನೂರರ ಹತ್ತಿರ ಹಗುರ ಸುತ್ತುಗಳು ಸಿಗುತ್ತವೆ. ಗುಡ್ಡ ಒಂದೇ, ಕಾಲೂ ಒಂದೇ. ಬದಲಾದದ್ದು ಎರಡು ಹಲ್ಲುಚಕ್ರಗಳು. ಇನ್ನೂ ಕಡಿಮೆ ಬಲದವರಿಗೆ ಬ್ಯಾಟರಿಯ ನೆರವಿನ ಸೈಕಲ್ಲುಗಳಿವೆ. ಮೋಟಾರಿನ ಶಕ್ತಿ 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಅವಕ್ಕೆ ವಾಹನ ನೋಂದಣಿಯ ಗೊಡವೆಯೂ ಇಲ್ಲ. ಕಣ್ಣಿಲ್ಲದವರು ಇಬ್ಬರು ತುಳಿಯುವ ಜೋಡಿ ಸೈಕಲ್ಲಿನ ಹಿಂದಿನ ಆಸನದಲ್ಲಿ ಕುಳಿತು, ಕಾಲಿಲ್ಲದವರು ಕೈಯಿಂದ ತಿರುಗಿಸುವ ಸೈಕಲ್ಲಿನಲ್ಲಿ ಕುಳಿತು ಬೆಟ್ಟ ಸುತ್ತಬಹುದು.

ಅಂದಮೇಲೆ ಜನರನ್ನು ಘಟ್ಟದ ರಸ್ತೆಯಿಂದ ದೂರವಿಟ್ಟಿರುವುದು ಏರಲ್ಲ. ತಿರುವಿನಲ್ಲಿ ಹಾರ್ನ್ ಒತ್ತುತ್ತ, ಬಿಳಿಗೆರೆ ದಾಟಿ, ಎದುರಿನವರನ್ನು ಚರಂಡಿಗೆ ತಳ್ಳುವಂತೆ ಬರುವ ಕಾರು, ಜೀಪು, ಟಿಪ್ಪರುಗಳು. ವೇಗವು ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ವಾಹನ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಆ ಪಾಠವನ್ನು ಅತಿ ಹೆಚ್ಚು ನೆನೆಯಬೇಕಾದ ಜಾಗ ಹೇರ್‌ಪಿನ್ ತಿರುವು, ಅತಿ ಹೆಚ್ಚು ಮರೆತಿರುವ ಜಾಗವೂ ಅದೇ.

ಅಗಲೀಕರಣದ ಲೆಕ್ಕ

ಇದಕ್ಕೆ ಸರ್ಕಾರಗಳ ಸಿದ್ಧ ಉತ್ತರ ಅಗಲೀಕರಣ. ರಸ್ತೆ ಅಗಲವಾದರೆ ಸೈಕಲ್ಲಿಗೂ ಅಂಚಿನಲ್ಲಿ ಜಾಗ ಸಿಗುತ್ತದೆ, ಎಲ್ಲರಿಗೂ ಅನುಕೂಲ ಎಂಬ ವಾದ. ಈ ಅನುಕೂಲದ ಬೆಲೆಯನ್ನೂ ಪಾಟಿಯ ಮೇಲೆ ಬರೆಯಬಹುದು.

45 ಡಿಗ್ರಿ ವಾಲಿದ ಗುಡ್ಡದ ಮೈಯನ್ನು ನೆಟ್ಟಗೆ ಕಡಿದು ರಸ್ತೆ ಮಾಡುವಾಗ, ರಸ್ತೆ ಎಷ್ಟು ಮೀಟರ್ ಅಗಲವೋ ಕಡಿದ ಗೋಡೆಯೂ ಅಷ್ಟೇ ಮೀಟರ್ ಎತ್ತರವಾಗುತ್ತದೆ. ಐದೂವರೆ ಮೀಟರಿನ ರಸ್ತೆಗೆ ಐದೂವರೆ ಮೀಟರ್ ಗೋಡೆ. ಅದನ್ನು ಹತ್ತು ಮೀಟರಿಗೆ ಹಿಗ್ಗಿಸಿದರೆ ಹತ್ತು ಮೀಟರ್ ಗೋಡೆ. ಆದರೆ ತೆಗೆಯುವ ಮಣ್ಣು ಎರಡು ಪಟ್ಟಲ್ಲ, ಮೂರು ಪಟ್ಟಿಗೂ ಹೆಚ್ಚು: ರಸ್ತೆಯ ಪ್ರತಿ ಮೀಟರ್ ಉದ್ದಕ್ಕೆ 15 ಘನ ಮೀಟರ್ ಇದ್ದದ್ದು 50 ಘನ ಮೀಟರ್ ಆಗುತ್ತದೆ. ಹೆಚ್ಚುವರಿ 35 ಘನ ಮೀಟರ್ ಎಂದರೆ ಒಂದು ಕಿ.ಮೀ.ಗೆ 35,000 ಘನ ಮೀಟರ್. ಒಂದು ಟಿಪ್ಪರ್ ಹತ್ತು ಘನ ಮೀಟರ್ ಹೊತ್ತರೂ 3,500 ಲೋಡು. ಆ ಮಣ್ಣು ಎಲ್ಲಿಗೆ ಹೋಗುತ್ತದೆ? ಕೆಳಗಿನ ಕಣಿವೆಗೆ, ಹಳ್ಳಕ್ಕೆ, ಅಲ್ಲಿಂದ ತೋಟಕ್ಕೆ, ಗದ್ದೆಗೆ. ಲೆಕ್ಕದಲ್ಲಿ ಮಾತ್ರ ಅದು ‘ವಿಲೇವಾರಿ’ ಆಗಿರುತ್ತದೆ.

ಘಟ್ಟದ ಮಣ್ಣಿನ ಸ್ವಭಾವ ಕೃಷಿಕರಿಗೆ ಗೊತ್ತು. ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಕೆಳಗೆ ನೀರು ಕುಡಿದರೆ ಬೆಣ್ಣೆಯಾಗುವ ಶೇಡಿಮಣ್ಣು, ಅದರಡಿ ಬಂಡೆ. ಬೇರುಗಳಿರುವ ತನಕ, ಬುಡ ಭದ್ರವಿರುವ ತನಕ ಗುಡ್ಡ ನಿಂತಿರುತ್ತದೆ. ಬುಡ ಕಡಿದು, ಮೇಲಿನ ಮರ ಉರುಳಿಸಿ, ನೀರು ಹರಿಯುವ ದಾರಿ ಮುಚ್ಚಿದ ಮೇಲೆ ಒಂದು ವಾರದ ಬಿರುಮಳೆ ಸಾಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಭಾರಿ ವಾಹನಗಳಿಗೆ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು, ರಸ್ತೆಯ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಅದೇ ತಿಂಗಳು ಸಕಲೇಶಪುರದ ಬಳಿ ಶಿರಾಡಿ ಹೆದ್ದಾರಿಯೂ ಜರಿಯಿತು. ಮಳೆ ಹೆಚ್ಚಾಯಿತು ಎಂಬುದು ನಿಜ. ಆದರೆ ಹೆಚ್ಚಾದ ಮಳೆಗೆ ಗುಡ್ಡವನ್ನು ಇನ್ನಷ್ಟು ನೆಟ್ಟಗೆ ಕಡಿದು ಒಡ್ಡುವುದು ಯಾವ ವಿವೇಕ?

ಈಗ ಇನ್ನೊಂದು ಲೆಕ್ಕ. 12 ಕಿ.ಮೀ. ಉದ್ದದ ಒಂದು ಘಾಟಿಯನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಏರಿದರೆ 18 ನಿಮಿಷ, 30 ಕಿ.ಮೀ. ವೇಗದಲ್ಲಿ ಏರಿದರೆ 24 ನಿಮಿಷ. ವ್ಯತ್ಯಾಸ ಆರು ನಿಮಿಷ. ಬೆಂಗಳೂರಿನಿಂದ ಆರೇಳು ಗಂಟೆ ಕಾರಿನಲ್ಲಿ ಬರುವವನ ಆರು ನಿಮಿಷ ಉಳಿಸಲು ಪ್ರತಿ ಕಿ.ಮೀ.ಗೆ 3,500 ಲೋಡು ಗುಡ್ಡವನ್ನು ಕಣಿವೆಗೆ ಸುರಿಯಬೇಕೆ? ಆ ಆರು ನಿಮಿಷವನ್ನು ಬಿಟ್ಟುಕೊಟ್ಟರೆ ಅದೇ ಐದೂವರೆ ಮೀಟರಿನ ರಸ್ತೆಯಲ್ಲಿ ಸೈಕಲ್ ಸವಾರನೂ ಹೋಗಬಹುದು, ದನ ಅಟ್ಟಿಕೊಂಡು ಹೋಗುವವನೂ ಹೋಗಬಹುದು, ಶಾಲೆಯ ಮಕ್ಕಳೂ ಹೋಗಬಹುದು. ವಾಹನ ನಿಧಾನವಾದಷ್ಟೂ ರಸ್ತೆ ತಾನಾಗಿಯೇ ಅಗಲವಾಗುತ್ತದೆ.

ಆಲ್ಪ್ಸ್ ಮಾಡಿದ್ದೇನು

ಪ್ರವಾಸೋದ್ಯಮದ ಪರ ಮಾತನಾಡುವವರು ಮಾತೆತ್ತಿದರೆ ಸ್ವಿಟ್ಜರ್ಲೆಂಡಿನ ಹೆಸರು ಹೇಳುತ್ತಾರೆ. ಹಾಗಾದರೆ ಆಲ್ಪ್ಸ್ ಪರ್ವತದ ದೇಶಗಳು ಸೈಕಲ್ಲಿಗಾಗಿ ಏನು ಮಾಡಿವೆ ಎಂಬುದನ್ನೇ ನೋಡೋಣ. ಸ್ವಿಟ್ಜರ್ಲೆಂಡು 1998ರಲ್ಲಿ ಒಂಬತ್ತು ರಾಷ್ಟ್ರೀಯ ಸೈಕಲ್ ಹಾದಿಗಳನ್ನು ತೆರೆಯಿತು. ಅವುಗಳ ಬಹುಪಾಲು ಹೊಸದಾಗಿ ಕಡಿದ ರಸ್ತೆಗಳಲ್ಲ. ಆಗಲೇ ಇದ್ದ ಹಳ್ಳಿ ರಸ್ತೆ, ಹೊಲದ ದಾರಿ, ನದಿದಂಡೆಯ ದಾರಿಗಳನ್ನು ಆರಿಸಿ, ಒಂದಕ್ಕೊಂದು ಜೋಡಿಸಿ, ಸಂಖ್ಯೆಯಿರುವ ಕೆಂಪು ಫಲಕ ನೆಟ್ಟರು. ದೊಡ್ಡ ಕೆಲಸ ಆಯ್ಕೆಯದು, ಜೆಸಿಬಿಯದ್ದಲ್ಲ.

ಇನ್ನೂ ಕಲಿಯಬೇಕಾದದ್ದು ಆಸ್ಟ್ರಿಯಾದ ಸಾಲ್ಜ್‌ಬುರ್ಗ್‌ನಿಂದ ಇಟಲಿಯ ಕಡಲತೀರದ ಗ್ರಾದೊವರೆಗಿನ ಹಾದಿಯಿಂದ. ಸುಮಾರು 410 ಕಿ.ಮೀ. ಉದ್ದದ ಈ ಹಾದಿ ಆಲ್ಪ್ಸ್ ಪರ್ವತವನ್ನೇ ದಾಟುತ್ತದೆ. ಸಾಮಾನ್ಯ ಸವಾರರು ಅಷ್ಟು ಎತ್ತರದ ಏಣನ್ನು ಹತ್ತುವುದು ಹೇಗೆ? ಹತ್ತುವುದಿಲ್ಲ. ಬ್ಯೋಕ್‌ಸ್ಟೈನ್ ಎಂಬ ಊರಿನಲ್ಲಿ ಸೈಕಲ್ಲನ್ನು ರೈಲಿಗೆ ಏರಿಸಿ, ಎಂಟು ಕಿ.ಮೀ. ಮೀರಿದ ಹಳೆಯ ರೈಲು ಸುರಂಗದೊಳಗೆ ಪರ್ವತದ ಬೆನ್ನನ್ನು ದಾಟಿ, ಆಚೆಯ ಮಾಲ್‌ನಿಟ್ಸ್‌ನಲ್ಲಿ ಇಳಿದು ಮತ್ತೆ ತುಳಿಯುತ್ತಾರೆ. ಮುಂದೆ ಇಟಲಿಯೊಳಗೆ ಕೈಬಿಟ್ಟ ಹಳೆಯ ರೈಲುಮಾರ್ಗದ ಮೇಲೆಯೇ ಸೈಕಲ್ ಹಾದಿ ಸಾಗುತ್ತದೆ. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಹಳೆಯ ರೈಲುದಾರಿ ಮಕ್ಕಳಿಗೂ ಮುದುಕರಿಗೂ ಹದವಾದ ದಾರಿ.

ಎತ್ತರದ ಕಣಿವೆರಸ್ತೆಗಳಿಗೂ ಅವರಲ್ಲಿ ಒಂದು ಉಪಾಯವಿದೆ. ಇಟಲಿಯ ಸ್ಟೆಲ್ವಿಯೊ ಕಣಿವೆರಸ್ತೆ 2,757 ಮೀಟರ್ ಎತ್ತರಕ್ಕೆ ಏರುತ್ತದೆ. ಅದರ ಒಂದು ಮಗ್ಗುಲಿನಲ್ಲಿಯೇ 48 ಹೇರ್‌ಪಿನ್ ತಿರುವುಗಳಿವೆ. ವರ್ಷದಲ್ಲಿ ಗೊತ್ತುಪಡಿಸಿದ ದಿನ ಆ ರಸ್ತೆಗೆ ಮೋಟಾರು ವಾಹನ ಬಿಡುವುದಿಲ್ಲ. ಅಂದು ಅದು ಸಂಪೂರ್ಣವಾಗಿ ಸೈಕಲ್ ಸವಾರರದ್ದು. ಇದಕ್ಕೆ ಒಂದು ಬುಟ್ಟಿ ಮಣ್ಣನ್ನೂ ಅಗೆಯಬೇಕಾಗಿಲ್ಲ. ಎರಡು ತುದಿಗೆ ಎರಡು ಅಡ್ಡಗಂಬ ಸಾಕು.

ಆಲ್ಪ್ಸ್‌ನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಹಿಮದಾಟದ ಮೋಜುತಾಣಗಳಿಗಾಗಿ ಅಲ್ಲಿಯೂ ಬೆಟ್ಟಗಳನ್ನು ಬೋಳಿಸಿದ್ದಾರೆ. ಆದರೆ ಸೈಕಲ್ ಹಾದಿಯ ವಿಷಯದಲ್ಲಿ ಅಲ್ಲಿ ಕಂಡುಕೊಂಡ ಸತ್ಯ ಸರಳ: ಬೆಟ್ಟವನ್ನು ಎಲ್ಲರಿಗೂ ತೆರೆಯುವುದು ದಾರಿಯ ಆಯ್ಕೆ, ರೈಲು–ಬಸ್ಸಿನ ಜೋಡಣೆ ಮತ್ತು ಮೋಟಾರಿನ ಮೇಲಿನ ಕಡಿವಾಣ. ಅಗಲೀಕರಣ ಆ ಪಟ್ಟಿಯಲ್ಲಿಲ್ಲ.

ಘಟ್ಟದಲ್ಲಿ ದಾರಿಗಳು ಆಗಲೇ ಇವೆ

ಸಹ್ಯಾದ್ರಿಯಲ್ಲಿಯೂ ಸುಲಭದಿಂದ ಕಠಿಣದವರೆಗೆ ಎಲ್ಲ ಬಗೆಯ ದಾರಿಗಳು ಇಂದೇ ಇವೆ. ಮೊದಲ ಸಲ ತುಳಿಯುವವರಿಗೆ ಶಿರಸಿಯಿಂದ ವರದಾ ನದಿಯ ದಂಡೆಯ ಬನವಾಸಿಗೆ ಹೋಗುವ, ಇಪ್ಪತ್ತಮೂರು ಕಿ.ಮೀ. ಆಸುಪಾಸಿನ ದಾರಿ ಇದೆ. ಕಾಡು, ಅಡಿಕೆ ತೋಟ, ಬತ್ತದ ಗದ್ದೆ ಮೂರನ್ನೂ ಅದು ಒಂದೇ ಬೆಳಗಿನಲ್ಲಿ ತೋರಿಸುತ್ತದೆ. ರೈಲಿನಲ್ಲಿ ಬರುವವರಿಗೆ ತಾಳಗುಪ್ಪವೇ ಹೆಬ್ಬಾಗಿಲು. ಅಲ್ಲಿಂದ ಜೋಗ ಸುಮಾರು 15 ಕಿ.ಮೀ. ತುಸು ಅಭ್ಯಾಸವಿದ್ದವರಿಗೆ ಶಿರಸಿ–ಸಿದ್ದಾಪುರ–ಜೋಗದ ಏರಿಳಿತಗಳು, ಅಥವಾ ಭದ್ರಾ ಕಣಿವೆಯಲ್ಲಿ ಬಾಳೆಹೊನ್ನೂರಿನಿಂದ ಕಳಸಕ್ಕೆ, ಕಳಸದಿಂದ ಹೊರನಾಡಿಗೆ ಕಾಫಿ ತೋಟಗಳ ನೆರಳಿನಲ್ಲಿ ಸಾಗುವ ರಸ್ತೆ. ಗಟ್ಟಿಗರಿಗೆ ಸೋಮೇಶ್ವರದಿಂದ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ. ಇನ್ನೂ ಹಂಬಲವಿದ್ದವರಿಗೆ ಚಿಕ್ಕಮಗಳೂರಿನಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯತ್ತ ಏರುವ ದಾರಿ.

ಆಲ್ಪ್ಸ್‌ನ ರೈಲು ಸುರಂಗಕ್ಕೆ ಸಮನಾದದ್ದೂ ಇಲ್ಲಿದೆ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ರೈಲುಮಾರ್ಗ 57 ಸುರಂಗಗಳ ಮೂಲಕ, 50 ಮೀಟರಿಗೆ ಒಂದು ಮೀಟರಿನ ಏರಿನಲ್ಲಿ ಘಟ್ಟ ಹತ್ತುತ್ತದೆ. ಕರಾವಳಿಯ ಸೈಕಲ್ ಸವಾರ ಘಟ್ಟದ ಏರನ್ನು ರೈಲಿನಲ್ಲಿ ಕಳೆದು, ಸಕಲೇಶಪುರದ ಮೇಲುನಾಡಿನಲ್ಲಿ ತುಳಿಯಬಹುದು. ಭಾರತೀಯ ರೈಲ್ವೆಯ ನಿಯಮದಲ್ಲಿ ಸೈಕಲ್ಲನ್ನು ಲಗೇಜಾಗಿ ಕಾಯ್ದಿರಿಸಿ ಬ್ರೇಕ್‌ವ್ಯಾನಿನಲ್ಲಿ ಸಾಗಿಸಲು ಅವಕಾಶವಿದೆ. ಆದರೆ ಚಿಕ್ಕ ನಿಲ್ದಾಣದಲ್ಲಿ ಒಂದೆರಡು ನಿಮಿಷ ನಿಲ್ಲುವ ರೈಲಿನಿಂದ ಅದನ್ನು ಇಳಿಸಿಕೊಳ್ಳುವುದು ಸವಾರನ ಹಣೆಬರಹ. ಹಿಂದೆ ಮಲೆನಾಡಿನ ಬಸ್ಸುಗಳ ತಲೆಯ ಮೇಲೆ ಬಾಳೆಗೊನೆ, ಕೋಳಿಬುಟ್ಟಿಗಳ ಜೊತೆ ಸೈಕಲ್ಲುಗಳೂ ಹೋಗುತ್ತಿದ್ದವು. ಹೊಸ ಬಸ್ಸುಗಳಿಗೆ ಆ ಏಣಿಯೂ ಇಲ್ಲ, ಅಟ್ಟವೂ ಇಲ್ಲ. ಬಸ್ಸಿನ ಹಿಂಬದಿಗೆ ಕಬ್ಬಿಣದ ಒಂದು ಕೊಂಡಿ ಬೆಸೆಯುವ ಖರ್ಚು, ಗುಡ್ಡ ಕಡಿಯುವ ಒಂದು ದಿನದ ಡೀಸೆಲ್ಲಿಗೂ ಬಾರದು.

ವೇಗಕ್ಕೆ ಕಡಿವಾಣ ಹಾಕಲು ಸಾಧ್ಯವಿಲ್ಲ ಎಂಬ ಗೊಣಗಾಟಕ್ಕೆ ಕರ್ನಾಟಕವೇ ಉತ್ತರ ಕೊಟ್ಟಿದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಎಷ್ಟೇ ಒತ್ತಡ ಬಂದರೂ ಅದು ಉಳಿದುಕೊಂಡಿದೆ. ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಜಿಲ್ಲಾಡಳಿತವು 2025ರಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಆನೆಗಾಗಿ ರಾತ್ರಿಯ ಹೆದ್ದಾರಿಯನ್ನೇ ಮುಚ್ಚಬಲ್ಲ ನಾಡಿಗೆ, ಮನುಷ್ಯರಿಗಾಗಿ ಭಾನುವಾರದ ಬೆಳಿಗ್ಗೆ ಒಂದು ಘಾಟಿಯನ್ನು ಮೂರು ಗಂಟೆ ಮುಚ್ಚುವುದು ಆಗದ ಮಾತೇ?

ಕಾಡಿನೊಳಗೆ ಚಕ್ರ ಬೇಡ

ಸೈಕಲ್ಲಿನ ಹೆಸರಿನಲ್ಲಿ ನಡೆಯುವ ಇನ್ನೊಂದು ಅತಿರೇಕವನ್ನೂ ನಿಷ್ಠುರವಾಗಿಯೇ ಹೇಳಬೇಕು. ರಸ್ತೆ ಬಿಟ್ಟು ಶೋಲಾ ಕಾಡಿನ ನಡುವೆ, ಬೋಳುಗುಡ್ಡದ ಹುಲ್ಲಿನ ಮೇಲೆ ಹೊಸ ಜಾಡು ಕೊರೆದು ಇಳಿಜಾರಿನಲ್ಲಿ ಧುಮುಕುವ ಆಟವನ್ನು ‘ಪರಿಸರಸ್ನೇಹಿ’ ಎಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ. ಗುಡ್ಡದ ನೆತ್ತಿಯ ಹುಲ್ಲು ಮಳೆನೀರನ್ನು ಹೀರಿ, ಹಿಡಿದಿಟ್ಟು, ಬೇಸಗೆಯ ತನಕ ಸ್ವಲ್ಪಸ್ವಲ್ಪವಾಗಿ ಹಳ್ಳಕ್ಕೆ ಬಿಡುತ್ತದೆ. ಅದರ ಮೇಲೆ ಜೀಪಿನ ಗಾಲಿ ಮೂಡಿಸಿದ ಗೆರೆಯಾಗಲಿ, ನೂರಾರು ಸೈಕಲ್ಲುಗಳು ಮೂಡಿಸಿದ ಗೆರೆಯಾಗಲಿ, ಮೊದಲ ಮಳೆಗೆ ಕಾಲುವೆಯಾಗುತ್ತದೆ, ನಾಲ್ಕನೆಯ ಮಳೆಗಾಲಕ್ಕೆ ಕೊರಕಲಾಗುತ್ತದೆ. ಜೀಪಿಗಿಂತ ಸೈಕಲ್ ಹಗುರವಿರಬಹುದು. ಆದರೆ ನೀರಿಗೆ ದಾರಿ ತೋರಿಸಲು ಒಂದು ಬೆರಳಿನ ಗೆರೆಯೂ ಸಾಕು.

ಸವಾರರ ಪ್ರಾಣದ ಪ್ರಶ್ನೆಯೂ ಇಲ್ಲಿದೆ. ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಘಟ್ಟವನ್ನು ಬಿಟ್ಟುಹೋಗಿಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಅದರಿಂದ ನಲುಗಿತು. ಈ ರೋಗವನ್ನು ಹರಡುವ ಉಣ್ಣೆಗಳು ಕಾಡಿನ ತರಗೆಲೆಯ ನಡುವೆ ಹೊಂಚುತ್ತವೆ. ಪ್ರವಾಸಕ್ಕೆ ಹದವಾದ ಚಳಿಗಾಲ, ಬೇಸಗೆಯ ತಿಂಗಳುಗಳೇ ಅವುಗಳ ಉಪಟಳದ ತಿಂಗಳುಗಳೂ ಹೌದು. ದರಗು ಗುಡಿಸಲು ಕಾಡಿಗೆ ಹೋಗುವ ಹಳ್ಳಿಯವರಿಗೆ ಎಚ್ಚರಿಕೆ ಹೇಳುವ ಇಲಾಖೆಗಳು, ದರಗಿನ ಮೇಲೆಯೇ ಹೊರಗಿನವರನ್ನು ಸೈಕಲ್ ತುಳಿಸಲು ಒಪ್ಪಿಗೆ ಕೊಡುವುದು ಹೇಗೆ ನ್ಯಾಯ? ಸೈಕಲ್ ಹಾದಿ ರಸ್ತೆಯ ಮೇಲೆಯೇ ಇರಬೇಕು. ಪಶ್ಚಿಮಘಟ್ಟದ 39 ತಾಣಗಳಿಗೆ 2012ರಲ್ಲಿ ವಿಶ್ವ ಪರಂಪರೆಯ ಪಟ್ಟ ಬಂದದ್ದು ಜಾಡು ಕೊರೆಯುವ ಪರವಾನಗಿಯಾಗಿ ಅಲ್ಲ.

ಯಾರ ಸೈಕಲ್ಲು, ಯಾರ ರಸ್ತೆ?

ಕೊನೆಯ ಪ್ರಶ್ನೆಯೇ ಮೊದಲನೆಯದಾಗಬೇಕಿತ್ತು. ‘ಎಲ್ಲರಿಗೂ’ ಎನ್ನುವಾಗ ಆ ಎಲ್ಲರೊಳಗೆ ಊರಿನವರು ಇದ್ದಾರೆಯೇ? ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಲು ಅದು ನೆರವಾಯಿತು. ಆದರೆ ಬಯಲುಸೀಮೆಗೂ ಮಲೆನಾಡಿಗೂ ಬಂದದ್ದು ಗೇರಿಲ್ಲದ ಒಂದೇ ಬಗೆಯ ಸೈಕಲ್. ಮಲೆನಾಡಿನ ಹುಡುಗಿ ಅದನ್ನು ಬೆಳಿಗ್ಗೆ ತುಳಿದದ್ದಕ್ಕಿಂತ ಸಂಜೆ ತಳ್ಳಿದ್ದೇ ಹೆಚ್ಚು. 2020ರ ಕೋವಿಡ್ ಕಾಲದಲ್ಲಿ ಆ ವಿತರಣೆಯೂ ನಿಂತಿತು. ಪ್ರವಾಸಿಗೆ ಹದಿನಾರು ಗೇರಿನ ಸೈಕಲ್ ಹಾದಿ ಯೋಚಿಸುವ ಮೊದಲು, ಆ ಹುಡುಗಿಗೆ ಮೂರು ಗೇರಿನ ಸೈಕಲ್ ಕೊಡುವ ಯೋಚನೆ ಯಾರಿಗಾದರೂ ಬಂದಿತೆ?

ಸೈಕಲ್ ಮನೆಯಂಗಳದಿಂದ ರಸ್ತೆಗೆ ಬರುವುದಕ್ಕೂ ದಾರಿ ಬೇಕು. ಘಟ್ಟದ ಬುಡದ ಊರುಗಳಲ್ಲಿ ಇಂದಿಗೂ ಹಳ್ಳ ದಾಟಲು ಅಡಿಕೆ ದಬ್ಬೆಯ ಕಾಲುಸಂಕಗಳೇ ಗತಿ. 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಹೆದ್ದಾರಿಗೆ ಹತ್ತು ಮೀಟರ್ ಅಗಲ ಬೇಕೆಂದು ಗುಡ್ಡ ಕಡಿಯುವ ವ್ಯವಸ್ಥೆಗೆ, ಸೈಕಲ್ ತಳ್ಳಿಕೊಂಡು ದಾಟಬಹುದಾದ ಒಂದೂವರೆ ಮೀಟರ್ ಅಗಲದ ಕಿರುಸೇತುವೆ ಯಾಕೆ ಕಾಣಿಸುವುದಿಲ್ಲ? 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ, ಗ್ರಾಮಸಭೆ ಶಿಫಾರಸು ಮಾಡಿದರೆ, ಶಾಲೆ, ರಸ್ತೆಗಳಂಥ ಊರಿನ ಅಗತ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ ಕಡಿದು ಬಳಸಲು ಅವಕಾಶವಿದೆ. ಊರಿನವರ ದಾರಿಗೆ ಕಾನೂನು ಅಡ್ಡಿಯಲ್ಲ. ಅಡ್ಡಿಯಾಗಿರುವುದು ಆದ್ಯತೆ.

ಹೊಳೆಯಾಚೆಯ ಜನ ಕೇಳುವ ರಸ್ತೆಯನ್ನೂ, ಹೊರಗಿನವರ ಅವಸರಕ್ಕೆ ಕಡಿಯುವ ಹೆದ್ದಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿ ಹಿನ್ನೀರಿನಾಚೆಯ ಊರುಗಳು ಲಾಂಚನ್ನೇ ನೆಚ್ಚಿ ಬದುಕಿದವು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಾಡಿಗೆ ಬೆಳಕು ಕೊಡಲು ಮುಳುಗಿದವರು ಅಷ್ಟು ಕಾಲ ಕಾದು ಪಡೆದ ಸೇತುವೆಯನ್ನು ಯಾವ ಪರಿಸರವಾದಿಯೂ ಆಕ್ಷೇಪಿಸಲಾರ. ಆದರೆ ಅದೇ ಸೇತುವೆಯ ಮೇಲೆ ವಾರಾಂತ್ಯದ ಕಾರುಗಳ ಸಾಲು ಊರಿನವರ ಸೈಕಲ್ಲನ್ನು ಅಂಚಿಗೆ ತಳ್ಳಿದರೆ ಆಗಲೂ ಸುಮ್ಮನಿರಲಾಗದು.

ಹೋರಾಟಗಾರರಲ್ಲಿಯೂ ಕೆಲವರು ಸೈಕಲ್ ಪ್ರವಾಸವನ್ನು ನಗರದವರ ಶೋಕಿ ಎಂದು ತಳ್ಳಿಹಾಕುತ್ತಾರೆ. ಅವರು ಚಳವಳಿಯ ಚರಿತ್ರೆಯನ್ನು ನೆನೆಯಬೇಕು. 1983ರಲ್ಲಿ ಸಲ್ಕಣಿಯಲ್ಲಿ ಅಪ್ಪಿಕೋ ಹುಟ್ಟಿದ್ದು ಕಾಲ್ನಡಿಗೆಯಲ್ಲಿ ಕಾಡಿಗೆ ಹೋದ ಜನರಿಂದ. 1987–88ರ ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆ ಉತ್ತರದ ನವಾಪುರದಿಂದಲೂ ದಕ್ಷಿಣದ ಕನ್ಯಾಕುಮಾರಿಯಿಂದಲೂ ಹೊರಟು ಗೋವೆಯಲ್ಲಿ ಕೂಡಿತು. ಕಡಿದ ಕಾಡು, ಬತ್ತಿದ ಹಳ್ಳ, ಗಣಿಯ ಕೆಂಪು ನೀರು ಅವರ ಕಣ್ಣಿಗೆ ಬಿದ್ದದ್ದು ಅವರು ನಿಧಾನವಾಗಿ ಹೋದದ್ದರಿಂದ. ಗಂಟೆಗೆ ಎಂಬತ್ತು ಕಿ.ಮೀ. ವೇಗದಲ್ಲಿ ಹೋಗುವವನಿಗೆ ಘಟ್ಟವೆಂದರೆ ಒಂದು ಹಸಿರು ಗೆರೆ. ಹತ್ತು ಕಿ.ಮೀ. ವೇಗದಲ್ಲಿ ಹೋಗುವವನಿಗೆ ಯಾವ ತಿರುವಿನಲ್ಲಿ ಮೊನ್ನೆಯಿದ್ದ ಮರ ಇಂದಿಲ್ಲ ಎಂಬುದು ತಿಳಿಯುತ್ತದೆ. ಅಂಥ ಕಣ್ಣುಗಳು ಘಟ್ಟಕ್ಕೆ ಎಷ್ಟಿದ್ದರೂ ಸಾಲದು.

ಬೇಕಾದದ್ದು ಇಷ್ಟು

ಒಂದು: ಸೈಕಲ್ ಹಾದಿಗಾಗಿ ಎಂದು ಒಂದು ಮೀಟರ್ ಹೊಸ ರಸ್ತೆಯನ್ನೂ ಕಡಿಯಬಾರದು, ಒಂದು ಮರವನ್ನೂ ಉರುಳಿಸಬಾರದು. ಇರುವ ರಸ್ತೆಗಳನ್ನು ಏರು, ದೂರ, ನೀರು ಸಿಗುವ ಜಾಗ, ಆಸ್ಪತ್ರೆಗಳ ಆಧಾರದಲ್ಲಿ ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿ ಕನ್ನಡದಲ್ಲಿ ಫಲಕ ಹಾಕಬೇಕು.

ಎರಡು: ಆ ರಸ್ತೆಗಳಲ್ಲಿ ಮೋಟಾರು ವಾಹನಗಳ ವೇಗ ಗಂಟೆಗೆ 30 ಕಿ.ಮೀ. ಮೀರಬಾರದು. ತಿಂಗಳಿಗೊಂದು ಬೆಳಿಗ್ಗೆ, ಆಂಬುಲೆನ್ಸ್ ಮತ್ತು ಊರಿನ ಬಸ್ಸು ಬಿಟ್ಟು, ಒಂದೊಂದು ಘಾಟಿಯನ್ನು ಸೈಕಲ್ಲಿಗೂ ನಡಿಗೆಗೂ ಬಿಟ್ಟುಕೊಡಬೇಕು.

ಮೂರು: ಘಟ್ಟ ಹತ್ತುವ ಬಸ್ಸುಗಳಲ್ಲಿಯೂ ರೈಲುಗಳಲ್ಲಿಯೂ ಸೈಕಲ್ ಸಾಗಿಸುವ ವ್ಯವಸ್ಥೆಯಾಗಬೇಕು. ಸಾಮರ್ಥ್ಯ ಕಡಿಮೆಯಿದ್ದವರಿಗೆ ಅದೇ ನಿಜವಾದ ಸಮಾನತೆ.

ನಾಲ್ಕು: ಹಾದಿ ಯಾವ ಊರಿನ ಮೂಲಕ ಹೋಗಬೇಕು, ಎಷ್ಟು ಜನ ಬರಬೇಕು, ಎಲ್ಲಿ ತಂಗಬೇಕು ಎಂಬುದನ್ನು ಆಯಾ ಗ್ರಾಮಸಭೆಯೇ ತೀರ್ಮಾನಿಸಬೇಕು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರ ವರದಿಯಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಘಟ್ಟದ ನಿರ್ಧಾರ ಘಟ್ಟದವರ ಸಭೆಯಿಂದ ಮೇಲಕ್ಕೆ ಹೋಗಬೇಕು. ಊಟ, ವಸತಿ, ಪಂಕ್ಚರ್ ಅಂಗಡಿ, ಬಾಡಿಗೆ ಸೈಕಲ್ಲಿನ ಸಂಪಾದನೆ ಊರಿನ ಮನೆಗಳಿಗೆ ಸಿಗಬೇಕು, ಗುಡ್ಡದ ನೆತ್ತಿಯ ರೆಸಾರ್ಟಿಗಲ್ಲ.

ಐದು: ಪ್ರವಾಸಿಯ ಹಾದಿಗೆ ಮುನ್ನ ಶಾಲೆಯ ಹಾದಿ. ಮಲೆನಾಡಿನ ಮಕ್ಕಳಿಗೆ ಗೇರ್ ಇರುವ ಸೈಕಲ್, ಹಳ್ಳಗಳಿಗೆ ಭದ್ರವಾದ ಕಿರುಸೇತುವೆ.

ಮುಂದಿನ ಗ್ರಾಮಸಭೆಗೆ ಈ ಐದು ಮಾತುಗಳನ್ನು ಬರೆದು ಒಯ್ಯುವುದು ಹಳ್ಳಿಗರ ಕೆಲಸ. ತಮ್ಮ ಊರಿನ ರಸ್ತೆಯ ಏರನ್ನು ಅಳೆದು, ಅಗಲವನ್ನು ಅಳೆದು, ಒಂದು ಗಂಟೆಯಲ್ಲಿ ಎಷ್ಟು ವಾಹನ ಯಾವ ವೇಗದಲ್ಲಿ ಹಾದುಹೋದವು ಎಂದು ಎಣಿಸಿ ಆ ಪತ್ರಕ್ಕೆ ಲಗತ್ತಿಸುವುದು ವಿದ್ಯಾರ್ಥಿಗಳ ಕೆಲಸ. ಅಗಲೀಕರಣದ ಕಡತ ಊರಿಗೆ ಬರುವ ಮೊದಲೇ ಈ ಲೆಕ್ಕ ಊರಿನವರ ಕೈಯಲ್ಲಿರಬೇಕು.